ಆ ಕತ್ತಲೆ ಸಿನಿಮಾದಲ್ಲಿ ನಿಮಗೆ ಅಷ್ಟೇನು ಖುಷಿ?

ಅಮೆರಿಕದ ನಿರ್ದೇಶಕ ರಾಬರ್ಟ್ ಎಗ್ಗರ್ಸ್ ಸಿನಿಮಾ ಬಂದರೆ ನಾನು ಬಿಡುವುದಿಲ್ಲ ಅನ್ನೋದು ನನ್ನ ಸುತ್ತ ಇರುವವರಿಗೆಲ್ಲ ಗೊತ್ತು. ಹಾಗಾಗಿ ಈ ಪ್ರಶ್ನೆಯೂ ತಪ್ಪುವುದಿಲ್ಲ. "ಪರದೆ ತುಂಬ ಕತ್ತಲೆ, ಕಥೆ ನಿಧಾನ, ಆ ಇಂಗ್ಲಿಷ್ ಅಂತೂ ಅರ್ಧಕ್ಕರ್ಧ ಅರ್ಥ ಆಗಲ್ಲ. ಅದ್ರಲ್ಲಿ ನಿಮ್ಗೆ ಅಷ್ಟೇನ್ ಖುಷಿ?" 2024ರ ಕೊನೆಯಲ್ಲಿ ಅವರ ‘ನೊಸ್ಫೆರಾಟು’ ಬಂದ ಮೇಲೆ ಹೀಗೆ ಕೇಳುವವರು ಇನ್ನೂ ಜಾಸ್ತಿ ಆದರು. ಎರಡು ಮಾತಲ್ಲಿ ಏನೋ ಹೇಳಿ ಮುಗಿಸುತ್ತಿದ್ದೆ. ಈ ಸಲ ಪೂರ್ತಿ ಬರೆಯುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಒಂದು ಕಾಲದ ಜನ ಏನನ್ನು ನಂಬಿ ಬದುಕಿದ್ದರೋ ಅದನ್ನು ಎರಡು ಗಂಟೆ ಹೊತ್ತು ನಾನೂ ನಂಬುವ ಹಾಗೆ ಈ ಮನುಷ್ಯ ಮಾಡುತ್ತಾರೆ. ನಾನು ಹೋಗುವುದು ಅದಕ್ಕೆ. ಬಟ್ಟೆ, ಕೋಟೆ, ಕುದುರೆಗಾಡಿ ಎಲ್ಲ ಪೀರಿಯಡ್ ಸಿನಿಮಾದಲ್ಲೂ ಇರುತ್ತೆ. ಆದರೆ ಎಷ್ಟೋ ಸಿನಿಮಾಗಳಲ್ಲಿ ಆ ಬಟ್ಟೆಯೊಳಗಿನ ಮನುಷ್ಯ ಮಾತ್ರ ಇವತ್ತಿನವನೇ. ನಮ್ಮ ಹಾಗೇ ಯೋಚಿಸುತ್ತಾನೆ, ನಮಗೆ ಸರಿ ಅನಿಸುವುದೇ ಅವನಿಗೂ ಸರಿ ಅನಿಸುತ್ತೆ. ಅಂಥದ್ದನ್ನು ನೋಡುವಾಗ ನನಗೆ ಏನೋ ಕಳೆದುಕೊಂಡ ಹಾಗಾಗುತ್ತೆ. ಅಷ್ಟು ದೂರ ಕರೆದುಕೊಂಡು ಹೋಗಿ ಹೊಸ ಊರು ತೋರಿಸದೆ ವಾಪಸ್ ತಂದು ಬಿಟ್ಟರೆ ಹೇಗಿರುತ್ತೆ, ಹಾಗೆ.

ನಾನು ಇವರಿಗೆ ಮನಸೋತಿದ್ದು ಮೊದಲ ಸಿನಿಮಾದಲ್ಲೇ. ‘ದ ವಿಚ್’, 2015ರದ್ದು. ಕಥೆ ನಡೆಯುವುದು 1630ರ ಸುಮಾರಿಗೆ, ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ. ಇಂಗ್ಲೆಂಡ್‌ನಿಂದ ವಲಸೆ ಬಂದ ಒಂದು ಕುಟುಂಬ. ಧರ್ಮದ ವಿಷಯಕ್ಕೆ ಜಗಳವಾಗಿ ಅವರನ್ನು ಊರಿಂದ ಹೊರಗೆ ಹಾಕುತ್ತಾರೆ, ಅವರು ಹೋಗಿ ಕಾಡಿನ ಅಂಚಲ್ಲಿ ಒಂಟಿಯಾಗಿ ಮನೆ ಮಾಡುತ್ತಾರೆ. ಒಂದು ದಿನ ದೊಡ್ಡ ಮಗಳು ಕೂಸನ್ನು ಆಡಿಸುತ್ತಾ ಇರುತ್ತಾಳೆ. ಕೈಯಿಂದ ಕಣ್ಣು ಮುಚ್ಚಿಕೊಳ್ಳುವುದು, ತೆಗೆಯುವುದು, ಕೂಸು ನಗುವುದು. ಇನ್ನೊಂದು ಸಲ ಕಣ್ಣು ತೆಗೆದರೆ ಕೂಸೇ ಇಲ್ಲ.

ಕಾಡಲ್ಲಿ ಮಾಟಗಾತಿ ಇದ್ದಾಳೋ ಇಲ್ಲವೋ ಅಂತ ನಮ್ಮನ್ನು ಕೊನೆಯವರೆಗೂ ಅನುಮಾನದಲ್ಲಿ ಇಡಬಹುದಿತ್ತು. ಎಗ್ಗರ್ಸ್ ಹಾಗೆ ಮಾಡುವುದಿಲ್ಲ. ಸ್ವಲ್ಪ ಹೊತ್ತಲ್ಲೇ ಅವಳನ್ನು ತೋರಿಸುತ್ತಾರೆ. ಇದ್ದಾಳೆ, ಅಷ್ಟೇ. ಆ ಕುಟುಂಬಕ್ಕೆ ಅವಳು ಮರದಷ್ಟು, ಮಳೆಯಷ್ಟು ನಿಜ. ಸಿನಿಮಾ ಅವರ ಪಕ್ಕ ನಿಲ್ಲುತ್ತೆ, ಅವರಿಗಿಂತ ಮೇಲೆ ನಿಂತು ‘ಪಾಪ, ಮೂಢರು’ ಅನ್ನುವುದಿಲ್ಲ.

ಆದರೆ ಆ ಸಿನಿಮಾದಲ್ಲಿ ನನ್ನನ್ನು ಜಾಸ್ತಿ ನಡುಗಿಸಿದ್ದು ಮಾಟಗಾತಿ ಅಲ್ಲ. ಅಪ್ಪ ಮತ್ತು ಮಗ ಕಾಡಲ್ಲಿ ಬೇಟೆಗೆ ಹೋಗುವ ದೃಶ್ಯ ಒಂದಿದೆ. ಕಾಣೆಯಾದ ತಮ್ಮ ನರಕಕ್ಕೆ ಹೋದನಾ ಅಂತ ಹುಡುಗ ಅಪ್ಪನನ್ನು ಕೇಳುತ್ತಾನೆ. ಕೂಸಿಗೆ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ. ಅವರ ನಂಬಿಕೆ ಪ್ರಕಾರ ಯಾರಿಗೆ ಸ್ವರ್ಗ, ಯಾರಿಗೆ ನರಕ ಅನ್ನುವುದನ್ನು ದೇವರು ಮೊದಲೇ ಗೊತ್ತು ಮಾಡಿಟ್ಟಿದ್ದಾನೆ, ಮನುಷ್ಯರಿಗೆ ಅದು ತಿಳಿಯುವುದಿಲ್ಲ. ಅಪ್ಪ ಮಗನನ್ನು ತುಂಬಾ ಪ್ರೀತಿಸುತ್ತಾನೆ. ಆದರೂ ‘ಇಲ್ಲ ಕಣೋ, ಅವನು ಸ್ವರ್ಗದಲ್ಲಿದ್ದಾನೆ’ ಅನ್ನುವ ಒಂದು ಮಾತು ಅವನ ಬಾಯಿಂದ ಬರುವುದಿಲ್ಲ, ಯಾಕೆಂದರೆ ಅದು ಅವನಿಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಹೇಳಿದರೆ ಅದು ಸುಳ್ಳಾಗುತ್ತೆ. ಈ ದೃಶ್ಯ ನೋಡುವಾಗ ಆ ಕಾಲದ ಬಗ್ಗೆ ಓದಿದ್ದ ಒಣ ಸಾಲುಗಳೆಲ್ಲ ನನಗೆ ಒಂದೇ ಸಲ ಎದೆಗೆ ಬಂದು ಕೂತವು. ಇಂಥ ನಂಬಿಕೆ ಇಟ್ಟುಕೊಂಡು ಜನ ಮಕ್ಕಳನ್ನು ಸಾಕಿದರು, ಹೊಲ ಉತ್ತರು, ರಾತ್ರಿ ಮಲಗಿದರು.

ನೋಡುವವರಲ್ಲಿ ಈ ನಂಬಿಕೆ ಸುಮ್ನೆ ಹುಟ್ಟುವುದಿಲ್ಲ. ಅದಕ್ಕೆ ಕೈಕೆಲಸ ಬೇಕು. ಎಗ್ಗರ್ಸ್ ನಿರ್ದೇಶಕರಾಗುವ ಮೊದಲು ಸೆಟ್ ಮತ್ತು ವೇಷಭೂಷಣ ವಿನ್ಯಾಸ ಮಾಡುತ್ತಿದ್ದವರು, ಅದು ಪ್ರತಿ ಫ್ರೇಮಿನಲ್ಲೂ ಗೊತ್ತಾಗುತ್ತೆ. ‘ದ ವಿಚ್’ನ ಮನೆ ಕಟ್ಟಲು ಆ ಕಾಲದ ಕ್ರಮ ಹುಡುಕಿ, ಕೈಯಲ್ಲೇ ಸೀಳಿದ ಹಲಗೆ ಬಳಸಿದರು. ಒಳಗಿನ ದೃಶ್ಯಗಳಿಗೆ ಹೆಚ್ಚಾಗಿ ಕಿಟಕಿ ಬೆಳಕು, ಮೇಣದ ಬತ್ತಿ ಅಷ್ಟೇ. ಮಾತುಗಳಂತೂ ಬಹಳಷ್ಟು ಆ ಕಾಲದ ದಿನಚರಿ, ಕೋರ್ಟ್ ದಾಖಲೆಗಳಿಂದಲೇ ಬಂದವು, ಸಿನಿಮಾದ ಕೊನೆಯಲ್ಲಿ ಅದನ್ನು ಬರೆದೂ ತೋರಿಸುತ್ತಾರೆ.

‘ಆ ಇಂಗ್ಲಿಷ್ ಅರ್ಥ ಆಗಲ್ಲ’ ಅನ್ನುವವರಿಗೆ ಇಲ್ಲೊಂದು ಮಾತು. ಗಮಕಿಗಳು ಕುಮಾರವ್ಯಾಸನನ್ನು ಹಾಡುವಾಗ ನಮಗೆ ಪ್ರತಿ ಪದವೂ ತಿಳಿಯುತ್ತಾ? ಇಲ್ಲ. ಆದರೆ ಯಾರು ಸಿಟ್ಟಾಗಿದ್ದಾರೆ, ಯಾರು ಅಳುತ್ತಿದ್ದಾರೆ, ಯಾರ ಮಾತಲ್ಲಿ ವಿಷ ಇದೆ ಅನ್ನುವುದು ಚೆನ್ನಾಗಿಯೇ ತಿಳಿಯುತ್ತೆ. ಕಿವಿ ಆ ಲಯಕ್ಕೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು, ಅಷ್ಟೇ. ಸಬ್‌ಟೈಟಲ್ ಹಾಕಿಕೊಳ್ಳಿ, ಏನೂ ತಪ್ಪಿಲ್ಲ. ನಾನೂ ಹಾಕಿಕೊಳ್ಳುತ್ತೇನೆ.

ಈಗ ‘ನೊಸ್ಫೆರಾಟು’ ವಿಷಯಕ್ಕೆ ಬರುತ್ತೇನೆ. ಇದೇ ಹೆಸರಿನ ಮೂಕಿ ಸಿನಿಮಾ 1922ರಲ್ಲಿ ಜರ್ಮನಿಯಲ್ಲಿ ಬಂದಿತ್ತು. ಮಾಡಿದವರು ಎಫ್. ಡಬ್ಲ್ಯೂ. ಮುರ್ನೌ. ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿಯಿಂದ ಅನುಮತಿ ಇಲ್ಲದೆ ತೆಗೆದುಕೊಂಡ ಕಥೆ ಅದು. ಸ್ಟೋಕರ್ ಹೆಂಡತಿ ಕೇಸ್ ಹಾಕಿ ಗೆದ್ದರು, ಪ್ರಿಂಟುಗಳನ್ನೆಲ್ಲ ನಾಶ ಮಾಡಬೇಕು ಅಂತ ಕೋರ್ಟ್ ಹೇಳಿತು, ಅಲ್ಲಿ ಇಲ್ಲಿ ಕೆಲವು ಉಳಿದುಕೊಂಡಿದ್ದರಿಂದ ನಾವು ಇವತ್ತು ಅದನ್ನು ನೋಡಬಹುದು. ಎಗ್ಗರ್ಸ್ ಹೈಸ್ಕೂಲಿನಲ್ಲಿದ್ದಾಗಲೇ ಇದನ್ನು ನಾಟಕ ಮಾಡಿ ಆಡಿದ್ದರು. ಅಷ್ಟು ವರ್ಷ ಮನಸ್ಸಲ್ಲಿ ಇಟ್ಟುಕೊಂಡಿದ್ದ ಕಥೆ. ನಡೆಯುವುದು 1838ರಲ್ಲಿ, ಜರ್ಮನಿಯ ವಿಸ್ಬೋರ್ಗ್ ಅನ್ನುವ ಕಲ್ಪನೆಯ ಊರಲ್ಲಿ.

ಮೊದಲು ಈ ಕಥೆಯ ರಕ್ತಪಿಶಾಚಿ, ಕೌಂಟ್ ಓರ್ಲಾಕ್ ಬಗ್ಗೆ. ನಮಗೆ ಅಭ್ಯಾಸ ಆಗಿರುವ ರಕ್ತಪಿಶಾಚಿ ಸೂಟು ಹಾಕಿದ, ಬೆಳ್ಳಗಿನ, ನೋಡಲು ಚಂದ ಇರುವ ಗಂಡಸು. ಇಲ್ಲಿರುವುದು ಕೊಳೆತ ಹೆಣ. ಸತ್ತು ಎಷ್ಟೋ ಕಾಲ ಆಗಿರುವ ಟ್ರಾನ್ಸಿಲ್ವೇನಿಯಾದ ಜಮೀನ್ದಾರ, ಆ ಕಡೆಯ ದೊಡ್ಡ ಮೀಸೆಯ ಸಮೇತ. ಆ ಮೀಸೆ ನೋಡಿ ಬೇಜಾರಾದವರು ತುಂಬಾ ಜನ. ನನಗೆ ಖುಷಿಯಾಯಿತು. ಅವನು ರಕ್ತ ಹೀರುವುದೂ ಕುತ್ತಿಗೆಯಿಂದಲ್ಲ, ಎದೆಯಿಂದ. ಅದನ್ನು ಹಳೆಯ ಜನಪದ ಕಥೆಗಳಿಂದ ತೆಗೆದುಕೊಂಡಿದ್ದಾರೆ. ಆ ಜನ ಇದನ್ನು ಕಥೆಯಾಗಿ ಹೇಳಿಕೊಂಡು ಸುಮ್ಮನಿರಲಿಲ್ಲ ಅನ್ನೋದನ್ನೂ ನೆನಪಿಡಬೇಕು. 1732ರಲ್ಲಿ ಆಸ್ಟ್ರಿಯಾ ಸೇನೆಯ ವೈದ್ಯರು ಸರ್ಬಿಯಾದ ಒಂದು ಹಳ್ಳಿಗೆ ಹೋಗಿ, ಗೋರಿಗಳನ್ನು ಅಗೆಸಿ, ಒಳಗಿದ್ದ ಹೆಣಗಳನ್ನು ಪರೀಕ್ಷೆ ಮಾಡಿ ಸರ್ಕಾರಕ್ಕೆ ವರದಿ ಬರೆದಿದ್ದರು. ಹೀಗೆ ಹೆಣ ಅಗೆದು ತೆಗೆಯುವುದನ್ನು 1755ರಲ್ಲಿ ಆಸ್ಟ್ರಿಯಾದ ರಾಣಿ ಮಾರಿಯಾ ತೆರೇಸಾ ಆಜ್ಞೆ ಹೊರಡಿಸಿ ನಿಲ್ಲಿಸಬೇಕಾಯಿತು. ಸಿನಿಮಾದಲ್ಲಿ ಹಟ್ಟರ್ ಅನ್ನುವ ಯುವಕ ಒಂದು ಹಳ್ಳಿಯಲ್ಲಿ ಉಳಿದುಕೊಂಡಾಗ, ರಾತ್ರಿ ಅಲ್ಲಿನ ಜನ ಹೀಗೇ ಒಂದು ಗೋರಿ ಅಗೆದು ಹೆಣಕ್ಕೆ ಗೂಟ ಹೊಡೆಯುವುದನ್ನು ನೋಡುತ್ತಾನೆ. ಬೆಳಿಗ್ಗೆ ಎದ್ದರೆ ಆ ಜನ ಯಾರೂ ಇಲ್ಲ. ಅವನು ಪೇಟೆಯ ವಿದ್ಯಾವಂತ, ಅವನಿಗೆ ಅದು ಕನಸು. ಅವರಿಗೆ ಅದು ಮಾಡಲೇಬೇಕಿದ್ದ ಕೆಲಸ.

ಇನ್ನು ಆ ಕತ್ತಲೆ. ಛಾಯಾಗ್ರಾಹಕ ಜಾರಿನ್ ಬ್ಲಾಶ್ಕೆ ಎಗ್ಗರ್ಸ್ ಜೊತೆ ಮೊದಲ ಸಿನಿಮಾದಿಂದಲೂ ಇದ್ದಾರೆ. ಬೆಳದಿಂಗಳಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ, ಬಣ್ಣ ಗುರುತಿಸುವ ಕೋಶಗಳಿಗೆ ಅಷ್ಟು ಬೆಳಕು ಸಾಲದು. ಹಾಗಾಗಿ ಇವರು ಕೆಂಪು, ಹಳದಿಯನ್ನು ತಡೆಯುವ ಫಿಲ್ಟರ್ ಹಾಕಿ ರಾತ್ರಿಯ ದೃಶ್ಯಗಳನ್ನು ತೆಗೆದರು. ಬಣ್ಣದ ಫಿಲಂ, ಆದರೆ ಬಣ್ಣವೇ ಸೋರಿಹೋದ ಹಾಗೆ ಕಾಣುತ್ತೆ. ಆಮೇಲೆ ಯಾರೋ ಒಂದು ಮೇಣದ ಬತ್ತಿ ಹಚ್ಚುತ್ತಾರೆ, ಒಂದು ಮುಖದ ಅರ್ಧ ಮಾತ್ರ ಕೆಂಪಗೆ ಬೆಳಗುತ್ತೆ. ದೀಪ ಮುಟ್ಟದ ಮೂಲೆಯಲ್ಲಿ ಏನು ಬೇಕಾದರೂ ಇರಬಹುದು. ಆ ಮೂಲೆಯನ್ನೇ ನೋಡುತ್ತಾ ಕೂತಾಗ, ಕರೆಂಟ್ ಇಲ್ಲದ ಕಾಲದವರು ದೆವ್ವಕ್ಕೆ ಹೆದರಿದ್ದರಲ್ಲಿ ಏನೂ ಆಶ್ಚರ್ಯ ಇಲ್ಲ ಅನಿಸಿತು.

ನನ್ನನ್ನು ಹಿಡಿದಿಟ್ಟ ಪಾತ್ರ ಎಲೆನ್, ಹಟ್ಟರ್ ಹೆಂಡತಿ. ಲಿಲಿ-ರೋಸ್ ಡೆಪ್ ಮಾಡಿದ್ದಾರೆ. ಚಿಕ್ಕಂದಿನಿಂದ ಅವಳಿಗೆ ಏನೇನೋ ಕಾಣುತ್ತೆ, ಮುಂದಾಗುವುದು ತಿಳಿಯುತ್ತೆ, ರಾತ್ರಿ ಮೈ ಸೆಟೆದು ನಡುಗುತ್ತಾಳೆ. ಡಾಕ್ಟರ್ ಬರುತ್ತಾರೆ. ಒಳ್ಳೆಯ ಮನುಷ್ಯನೇ, ಅವಳಿಗೆ ಕೆಟ್ಟದ್ದು ಮಾಡುವ ಉದ್ದೇಶ ಒಂದಿಷ್ಟೂ ಇಲ್ಲ. ಆದರೆ ಮಂಪರು ಬರಿಸುವ ಈಥರ್ ಕೊಡುತ್ತಾರೆ, ಮಂಚಕ್ಕೆ ಕಟ್ಟಿಸುತ್ತಾರೆ, ಮಲಗುವಾಗಲೂ ಸೊಂಟಕ್ಕೆ ಬಿಗಿಯುವ ಒಳಉಡುಪು ಕಾರ್ಸೆಟ್ ಹಾಕಿರಲಿ, ಗರ್ಭಕೋಶ ಶಾಂತವಾಗುತ್ತೆ ಅನ್ನುತ್ತಾರೆ. ಇದು ನಮಗೆ ವಿಚಿತ್ರ ಅನಿಸಬಹುದು. ಹಿಸ್ಟೀರಿಯಾ ಅನ್ನುವ ಪದವೇ ಗರ್ಭಕೋಶ ಅನ್ನುವ ಗ್ರೀಕ್ ಪದದಿಂದ ಬಂದಿದೆ. ಹೆಂಗಸಿನ ಸಂಕಟಕ್ಕೆಲ್ಲ ಅಲ್ಲೇ ಮೂಲ ಅಂತ ಓದಿದ ವೈದ್ಯರು ಆಗ ನಿಜಕ್ಕೂ ನಂಬಿದ್ದರು. ಆಮೇಲೆ ವಿಲೆಮ್ ಡಾಫೋ ಮಾಡಿರುವ ಪ್ರೊಫೆಸರ್ ಬರುತ್ತಾರೆ, ಮಾಟಮಂತ್ರದ ಹುಚ್ಚು ಹಿಡಿದು ವಿಶ್ವವಿದ್ಯಾಲಯದಿಂದ ಹೊರಬಿದ್ದವರು. ಅವರು ಅವಳಿಗೆ, ನೀನು ಹಳೆಯ ಕಾಲದಲ್ಲಿ ಹುಟ್ಟಿದ್ದರೆ ಈಜಿಪ್ಟಿನ ಐಸಿಸ್ ದೇವಿಯ ದೊಡ್ಡ ಪೂಜಾರಿಣಿ ಆಗಿರುತ್ತಿದ್ದೆ ಅನ್ನುವ ಅರ್ಥದ ಮಾತು ಹೇಳುತ್ತಾರೆ.

ಆ ಮಾತು ಕೇಳಿದಾಗ ನನ್ನ ಕಣ್ಣು ತುಂಬಿ ಬಂತು. ಹುಡುಗಿ ಅವಳೇ, ಮೈ ಅದೇ, ಸಂಕಟ ಅದೇ. ಒಂದು ಕಾಲ ಅವಳನ್ನು ಗುಡಿಯಲ್ಲಿ ನಿಲ್ಲಿಸುತ್ತಿತ್ತು, ಇನ್ನೊಂದು ಕಾಲ ಮಂಚಕ್ಕೆ ಕಟ್ಟುತ್ತೆ. ಮದುವೆಯಾಗಿ, ಒಳ್ಳೆಯ ಗಂಡ ಸಿಕ್ಕಿ, ಎಲ್ಲರ ಹಾಗೆ ಇರಬೇಕು ಅಂತ ಅವಳು ಎಷ್ಟು ಕಷ್ಟಪಡುತ್ತಾಳೆ ಅನ್ನುವುದನ್ನು ಅಲ್ಲಿವರೆಗೆ ನೋಡಿರುತ್ತೇವೆ. ಅವಳು ಹೇಳುವುದನ್ನು ಪೂರ್ತಿ ನಂಬಿದ ಮೊದಲ ಮನುಷ್ಯ ಆ ಪ್ರೊಫೆಸರ್.

ಎಗ್ಗರ್ಸ್ ಮಾಡಿದ್ದೆಲ್ಲ ನನಗೆ ಒಂದೇ ಸಮ ಇಷ್ಟ ಅಂತಲ್ಲ. 2022ರ ‘ದ ನಾರ್ತ್‌ಮನ್’ ವೈಕಿಂಗ್ ಕಾಲದ್ದು, ಶೇಕ್ಸ್‌ಪಿಯರನ ಹ್ಯಾಮ್ಲೆಟ್‌ಗೆ ಮೂಲವಾದ ಆಮ್ಲೆತ್ ಕಥೆ. ಅದರಲ್ಲಿ ನಾಯಕನ ಸೇಡು ತುಂಬಾ ನೇರ, ಅವನ ಮನಸ್ಸಿನೊಳಗೆ ನನಗೆ ಅಷ್ಟು ಜಾಗ ಸಿಗಲಿಲ್ಲ. ಆದರೂ ಅಲ್ಲಿ ಸತ್ತ ವೀರರನ್ನು ಕರೆದೊಯ್ಯುವ ದೇವತೆ ವಾಲ್ಕಿರಿ ಕುದುರೆ ಮೇಲೆ ಬಂದು ಬಾಯಿ ತೆರೆದಾಗ ಹಲ್ಲಿನ ಮೇಲೆ ಅಡ್ಡಗೆರೆಗಳು ಕಾಣುತ್ತವೆ. ಹಲ್ಲಿಗೆ ಕ್ಲಿಪ್ ಹಾಕಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡರು. ಅದು ಕ್ಲಿಪ್ ಅಲ್ಲ. ಕೆಲವು ವೈಕಿಂಗರು ಹಲ್ಲಿನ ಮೇಲೆ ಅರದಿಂದ ಗೆರೆ ಕೊರೆಸಿಕೊಳ್ಳುತ್ತಿದ್ದರು, ಅಂಥ ಹಲ್ಲುಗಳು ಗೋರಿಗಳಲ್ಲಿ ಸಿಕ್ಕಿವೆ.

ಇತಿಹಾಸ ಓದಿಕೊಂಡು ಹೋಗಬೇಕಾ ಅಂತಲೂ ಕೇಳುತ್ತಾರೆ. ಬೇಡ. ಸುಮ್ನೆ ಹೋಗಿ. ಓದುವ ಆಸೆ ನೋಡಿದ ಮೇಲೆ ತಾನಾಗಿಯೇ ಬರುತ್ತೆ, ಆ 1732ರ ವರದಿ ವಿಷಯ ನಾನು ಓದಲು ಕೂತಿದ್ದೂ ಹಾಗೇ.

ಎಲ್ಲಿಂದ ಶುರು ಮಾಡಲಿ ಅಂದರೆ, ‘ದ ವಿಚ್’ನಿಂದ. ರಾತ್ರಿ ಹೊತ್ತು ನೋಡಿ. ಮೊಬೈಲನ್ನು ಪಕ್ಕದ ರೂಮಲ್ಲಿ ಇಟ್ಟು ಬನ್ನಿ, ಲೈಟ್ ಪೂರ್ತಿ ಆರಿಸಿ. ಮೊದಲ ಹತ್ತು ನಿಮಿಷ ಏನೂ ಕಾಣದೆ ಕಣ್ಣು ತಡಕಾಡುತ್ತೆ. ಆಗ ಟಿವಿ ಬ್ರೈಟ್‌ನೆಸ್ ಮಾತ್ರ ಜಾಸ್ತಿ ಮಾಡಬೇಡಿ.