ನೀರು ಒಂದೇ ದಿನ ಬಂದರೆ ಟ್ರ್ಯಾಕ್ಟರ್ ಯಾರ ಗದ್ದೆಗೆ?

ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಲ್ಲಿ ನಾಲ್ಕು ಮನೆಯವರು ಸೇರಿ ಒಂದು ಟ್ರ್ಯಾಕ್ಟರ್, ಮಣ್ಣು ಕಲಕುವ ಒಂದು ರೋಟವೇಟರ್, ಕೆಸರಿನಲ್ಲಿ ಓಡಿಸಲು ಹಾಕುವ ಒಂದು ಜೊತೆ ಕಬ್ಬಿಣದ ಕೇಜ್ ವೀಲ್ ಮತ್ತು ಒಂದು ಟ್ರೈಲರ್ ಇಟ್ಟುಕೊಂಡಿದ್ದೇವೆ. ವಿಷಯ ತಿಳಿದವರೆಲ್ಲ ಮೊದಲು ವಿಚಾರಿಸುವುದು ದುಡ್ಡಿನ ಸಂಗತಿಯನ್ನು: ಯಾರು ಎಷ್ಟು ಹಾಕಿದಿರಿ, ಡೀಸೆಲ್ ಯಾರದು, ರಿಪೇರಿ ಬಂದರೆ ಹೇಗೆ ಎಂದು. ದುಡ್ಡಿನ ಲೆಕ್ಕವನ್ನು ಪಂಚಾಯ್ತಿ ಕಟ್ಟೆಯ ಮೇಲೆ ಕುಳಿತು ಒಂದು ಸಂಜೆಯಲ್ಲಿ ಬಗೆಹರಿಸಿಕೊಳ್ಳಬಹುದು. ಕೂಡು ಒಡೆತನ ಉಳಿಯುವುದೂ ಮುರಿಯುವುದೂ ಸರದಿಯ ಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಕಾರಣ ನಮ್ಮ ನೀರಿನ ವ್ಯವಸ್ಥೆಯಲ್ಲೇ ಇದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮುಂಗಾರಿನ ಕೆಲಸ ಯಾವಾಗ ಶುರುವಾಗಬೇಕೆಂಬುದನ್ನು ರೈತ ತೀರ್ಮಾನಿಸುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿಯಿರುವ ಕನ್ನಂಬಾಡಿ (ಕೆಆರ್‌ಎಸ್) ಅಣೆಕಟ್ಟೆಯಲ್ಲಿ ನೀರು ಎಷ್ಟು ಬಂತು ಎಂದು ನೋಡಿಕೊಂಡು ನೀರಾವರಿ ಸಲಹಾ ಸಮಿತಿಯವರು ನಾಲೆಗೆ ನೀರು ಬಿಡಿಸುತ್ತಾರೆ. ಬಿಟ್ಟ ಮೇಲೂ ಅದು ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಹರಿದು ಕೆಲವು ದಿನ ನಿಲ್ಲುತ್ತದೆ. ಹೀಗಾಗಿ ಒಂದೇ ತೂಬಿನ ಕೆಳಗಿನ ಎಲ್ಲರ ಗದ್ದೆಗೂ ಒಂದೇ ವಾರದಲ್ಲಿ ನೀರು ತುಂಬುತ್ತದೆ, ಎಲ್ಲರ ಒಟ್ಲೂ (ಸಸಿ ಮಡಿ) ಒಂದೇ ವಾರದಲ್ಲಿ ಕೀಳುವುದಕ್ಕೆ ಬರುತ್ತದೆ, ನಾಟಿಯ ಹೆಣ್ಣಾಳುಗಳ ಗುಂಪೂ ಅದೇ ವಾರ ಬರುವುದಾಗಿ ಮಾತು ಕೊಟ್ಟಿರುತ್ತದೆ. ಒಂದು ಎಕರೆ ಗದ್ದೆಯನ್ನು ರೋಟವೇಟರ್ ಹಾಕಿ ಕೆಸರು ಮಾಡಲು ಎರಡು ಗಂಟೆ, ಬಹಳವೆಂದರೆ ಎರಡೂವರೆ ಗಂಟೆ ಸಾಕು. ಒಂದೇ ತೂಬಿನ ಕೆಳಗೆ ನಾಲ್ಕು ಮನೆಯ ಹನ್ನೆರಡು ಎಕರೆ ಇದೆಯೆಂದು ಲೆಕ್ಕ ಹಾಕಿದರೆ ಮೂವತ್ತು ಗಂಟೆಯ ಕೆಲಸ. ವರ್ಷದಲ್ಲಿ ಮೂವತ್ತು ಗಂಟೆ ಯಾವ ಮಹಾ ಎನಿಸಬಹುದು; ಆದರೆ ಆ ಮೂವತ್ತೂ ಗಂಟೆಗಳನ್ನು ನಾಲ್ಕೂ ಜನ ಒಟ್ಟಿಗೆ ಕೇಳುತ್ತಾರೆ.

ಹಾಗೆಂದು ಮನೆಗೊಂದು ಟ್ರ್ಯಾಕ್ಟರ್ ಕೊಳ್ಳುವುದಕ್ಕೂ ಅರ್ಥವಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 2 ಎಕರೆ 27 ಗುಂಟೆ. ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದ ಮೇಲೂ, ರೋಟವೇಟರ್ ಎಳೆಯುವಷ್ಟು ಶಕ್ತಿಯಿರುವ ಗಾಡಿಗೆ ಲಕ್ಷಗಟ್ಟಲೆ ಬೇಕು. ಅಷ್ಟು ಭೂಮಿಗೆ ಅಷ್ಟು ಸಾಲ ಮಾಡಿದರೆ, 2023ರ ಹಾಗೆ ಮಳೆ ಕೈಕೊಟ್ಟ ವರ್ಷ ಗಾಡಿ ಕೊಟ್ಟಿಗೆಯಲ್ಲಿ ನಿಂತಿರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ.

ಆದ್ದರಿಂದ ಜೊತೆಗಾರರನ್ನು ಆರಿಸಿಕೊಳ್ಳುವಾಗ ಸ್ನೇಹ, ನೆಂಟಸ್ತಿಕೆಗಳಿಗಿಂತ ಮೊದಲು ಪಹಣಿಯನ್ನು ನೋಡಬೇಕು. ನಮ್ಮ ನಾಲ್ವರಲ್ಲಿ ಒಬ್ಬರದು ನಾಲೆಯ ಮೇಲ್ಭಾಗದ ಗದ್ದೆ. ಇನ್ನೊಬ್ಬರದು ಉಪನಾಲೆಯ ಕೊನೆಯಲ್ಲಿದ್ದು ಅಲ್ಲಿಗೆ ನೀರು ತಡವಾಗಿ ಮುಟ್ಟುತ್ತದೆ. ಮೂರನೆಯವರಿಗೆ ಇರುವುದು ಬಹುಪಾಲು ಮಳೆ ನಂಬಿದ ಬೆದ್ದಲು, ರಾಗಿ ಹೊಲ. ಅವರ ಉಳುಮೆ ಮುಂಗಾರುಪೂರ್ವ ಮಳೆ ಬಿದ್ದ ಕೂಡಲೇ, ನಾಲೆಗೆ ನೀರು ಬರುವುದಕ್ಕೆ ಬಹಳ ಮುಂಚೆಯೇ ಆರಂಭವಾಗಿರುತ್ತದೆ. ನನ್ನದು ಪಂಪ್‌ಸೆಟ್ಟಿನ ಕೆಳಗಿನ ಕಬ್ಬು. ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಕಬ್ಬಿನ ಸಾಲುಗಳ ನಡುವೆ ತರಗು ಪುಡಿ ಮಾಡಿಸುವ ಕೆಲಸವನ್ನು ವಾರ ಮುಂದೂಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಒಂದೇ ತೂಬಿನ ಅಕ್ಕಪಕ್ಕದ ಅಣ್ಣತಮ್ಮಂದಿರು ಸೇರಿ ಯಂತ್ರ ಕೊಂಡ ಕಡೆ ಮೊದಲ ಮುಂಗಾರಿನಲ್ಲೇ ಮನಸ್ತಾಪ ಬಂದಿರುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಕೆಟ್ಟವರಲ್ಲ; ಅವರ ನೀರು ಒಂದೇ ದಿನ ಬರುತ್ತದೆ, ಅಷ್ಟೆ.

ಸರದಿಯನ್ನು ನಾವು ನಾಲೆಯ ಹರಿವಿನ ಕ್ರಮಕ್ಕೇ ಬಿಟ್ಟಿದ್ದೇವೆ. ನೀರು ಮೊದಲು ಯಾರಿಗೆ ಮುಟ್ಟುತ್ತದೋ ಅವರಿಗೆ ಯಂತ್ರ ಮೊದಲು. ಇದಕ್ಕೆ ಒಂದೇ ಅಪವಾದವೆಂದರೆ ಒಟ್ಲಿನ ಪೈರು ಬಲಿಯುತ್ತಿದ್ದರೆ ಅಂಥವರು ಮುಂದೆ ಬರಬಹುದು. ಇದನ್ನು ಹೇಳುವುದು ಸುಲಭ. ರಾತ್ರಿ ಹತ್ತಕ್ಕೆ ಫೋನ್ ಮಾಡಿ, “ಅಣ್ಣ, ಆಳು ನಾಳೇನೇ ಬರ್ತಾವೆ ಅಂತಾವೆ, ಒಂದೆರಡು ಗಂಟೆ ಬಿಟ್ಕೊಡಿ” ಎಂದು ಕೇಳುವವರಿಗೆ ಇಲ್ಲವೆನ್ನುವುದು ಕಷ್ಟ. ಅದಕ್ಕಾಗಿಯೇ ಕೆಸರಿನ ವಾರದಲ್ಲಿ ಚಾಲಕ ಒಬ್ಬನೇ ಇರಬೇಕು, ಅವನು ನಾಲ್ಕು ಮನೆಗೂ ಸೇರದವನಾಗಿರಬೇಕು, ಬದಲಾವಣೆ ಏನಿದ್ದರೂ ಅವನ ಮೂಲಕವೇ ನಡೆಯಬೇಕು ಎಂದು ಮಾಡಿಕೊಂಡಿದ್ದೇವೆ.

ನಮ್ಮ ಭಾಗಕ್ಕೆ ಮುಯ್ಯಾಳು, ಅಂದರೆ ಕೂಲಿಯ ಬದಲು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಒದಗುವ ಪದ್ಧತಿ, ಹೊಸದಲ್ಲ. ಒಂದೊಂದೇ ಎತ್ತು ಇದ್ದ ಎರಡು ಮನೆಯವರು ಜೋಡಿ ಕಟ್ಟಿಕೊಂಡು ಉಳುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಆದರೆ ಮುಯ್ಯಿಗೆ ಮುಯ್ಯಿ ತೀರಿಸಿದರೆ ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತಿತ್ತು. ಯಂತ್ರದ ಸವಕಳಿ ಹಾಗಲ್ಲ. ಅದು ಆವತ್ತು ಕಣ್ಣಿಗೆ ಕಾಣದೆ, ತಿಂಗಳುಗಳಾದ ಮೇಲೆ ಮೆಕ್ಯಾನಿಕ್ಕಿನ ಬಿಲ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ಇದಕ್ಕಾಗಿ ಟೂಲ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಂದು ನೋಟ್ ಬುಕ್ ಇಟ್ಟಿದ್ದೇವೆ. ದಿನಾಂಕ, ಹೆಸರು, ಎಂಜಿನ್ ಓಡಿದ ಗಂಟೆ ತೋರಿಸುವ ಅವರ್ ಮೀಟರಿನ ಶುರು ಮತ್ತು ಕೊನೆ, ಡೀಸೆಲ್, ಷರಾ. ಷರಾದ ಕಾಲಂ ಎಲ್ಲಕ್ಕಿಂತ ಬೆಲೆಬಾಳುವುದು. “ಬ್ಲೇಡ್ ಬೋಲ್ಟ್ 2 ಇಲ್ಲ”, “ಎಡಗಡೆ ಮುಂದಿನ ಹಬ್ಬಿನಿಂದ ಎಣ್ಣೆ ಜಿನುಗುತ್ತಿದೆ” ಎಂದು ಬಳಸಿದವರೇ ಬರೆದಿಟ್ಟರೆ ಮುಂದಿನವರಿಗೆ ಅನುಮಾನವೂ ಇರುವುದಿಲ್ಲ, ಯಂತ್ರವೂ ಉಳಿಯುತ್ತದೆ. ಕೆಸರಿನಿಂದ ಬಂದ ಗಾಡಿಯನ್ನು ತೊಳೆದು ಗ್ರೀಸ್ ಹೊಡೆದೇ ಒಪ್ಪಿಸಬೇಕು. ಆಯಿಲ್ ಸೀಲಿನ ಒಳಗೆ ಕೆಸರು ನೀರು ಸೇರಿದರೆ ಬೇರಿಂಗ್ ಹೋಗುವುದು ಖಂಡಿತ.

ಈ ಅವರ್ ಮೀಟರನ್ನು ಪೂರ್ತಿ ನಂಬಿ ಬಳಸಿದವರಿಗೆ ಬಾಡಿಗೆ ಕಟ್ಟುವುದೂ ನ್ಯಾಯವಲ್ಲ. ನಮ್ಮ ಗಾಡಿಯಲ್ಲಿರುವಂಥ ಹಳೆಯ ಮಾದರಿಯ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ಕಂಪನಿ ನಿಗದಿಪಡಿಸಿದ ವೇಗದಲ್ಲಿ ಓಡಿದಾಗ ಮಾತ್ರ ಮೀಟರಿನ ಗಂಟೆಯೂ ಕೈಗಡಿಯಾರದ ಗಂಟೆಯೂ ಒಂದಾಗುತ್ತವೆ. ರೋಟವೇಟರ್ ಹಾಕಿದಾಗ ಅದಕ್ಕೆ ಎಂಜಿನ್ನಿನ ಶಕ್ತಿ ಕೊಡುವ ಪಿಟಿಒ ದಂಡ ನಿಮಿಷಕ್ಕೆ 540 ಸುತ್ತಿಗೆ ಬರಲು ಎಂಜಿನ್ ಜೋರಾಗಿ ಓಡಬೇಕಾದ್ದರಿಂದ ಮೀಟರೂ ಜೋರಾಗಿ ಓಡುತ್ತದೆ. ಆಲೆಮನೆಗೆ ಕಬ್ಬು ತುಂಬಿಕೊಂಡು ನಿಧಾನವಾಗಿ ಹೋಗಿ, ಅಲ್ಲಿ ಎಂಜಿನ್ ಆರಿಸದೆ ಕಾಯುತ್ತ ನಿಂತರೆ ಮೀಟರ್ ಹಿಂದೆ ಬೀಳುತ್ತದೆ. ಟೈರ್ ಸವೆಯುವುದು ಮಾತ್ರ ಆ ಡಾಂಬರು ರಸ್ತೆಯಲ್ಲೇ. ಹಾಗಾಗಿ ಗದ್ದೆ ಕೆಲಸಕ್ಕೆ ಗಂಟೆಯ ಲೆಕ್ಕ, ಟ್ರೈಲರಿಗೆ ಲೋಡಿನ ಲೆಕ್ಕ, ಕಲ್ಲಿರುವ ಹೊಲದಲ್ಲಿ ರೋಟವೇಟರ್ ಹಾಕಿದರೆ ಬ್ಲೇಡಿಗೆಂದು ಸ್ವಲ್ಪ ಹೆಚ್ಚುವರಿ. ಈ ಹಣ ಬ್ಯಾಂಕಿನ ಜಂಟಿ ಖಾತೆಗೆ ಹೋಗಬೇಕು, ಯಾರ ಜೇಬಿಗೂ ಅಲ್ಲ.

ಕಾಗದಪತ್ರದ ವಿಷಯವನ್ನು ನಮ್ಮ ಕಡೆ ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಾಲ್ವರು ದುಡ್ಡು ಹಾಕಿದರೂ ನಮ್ಮ ಆರ್‌ಸಿಯಲ್ಲಿರುವುದು ಒಬ್ಬರ ಹೆಸರು, ಸಾಲಕ್ಕೆ ಅಡಮಾನವಾಗಿರುವುದು ಅದೇ ಒಬ್ಬರ ಜಮೀನು. 1988ರ ಮೋಟಾರು ವಾಹನ ಕಾಯ್ದೆಯ ದೃಷ್ಟಿಯಲ್ಲಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ಗಾಡಿಯನ್ನು ಬೇರೆಯವರಿಗೆ ಮಾರಿ ಕೈಬದಲಾಗಿದ್ದರೂ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಇರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಜಾತ್ರೆಗೆ, ಬೀಗರೂಟಕ್ಕೆ ಜನರನ್ನು ಟ್ರೈಲರಿನಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲಿ. ಕೃಷಿ ಕೆಲಸಕ್ಕೆಂದು ಮಾಡಿಸಿದ ವಿಮೆ ಆಗ ನೆರವಿಗೆ ಬರುತ್ತದೆಂದು ನಂಬಿ ಕೂರುವಂತಿಲ್ಲ. ಹೆಸರು ಕೊಟ್ಟ ಒಬ್ಬರು ಹೊರುವ ಈ ಭಾರಕ್ಕೆ ಉಳಿದ ಮೂವರೂ ಬಾಧ್ಯರು ಎಂದು ಛಾಪಾ ಕಾಗದದ ಮೇಲೆ ಬರೆದುಕೊಂಡಿದ್ದೇವೆ. ಒಬ್ಬರು ತೀರಿಕೊಂಡರೆ ಅವರ ವಾರಸುದಾರರಿಗೆ ಏನು, ಒಬ್ಬರು ಬಿಟ್ಟು ಹೋಗುವುದಾದರೆ ಪಾಲಿನ ಬೆಲೆ ಕಟ್ಟುವವರು ಯಾರು ಎಂಬುದೂ ಅದರಲ್ಲಿದೆ. ಜಂಟಿ ಸ್ವತ್ತಿನಿಂದ ಬಂದ ಆದಾಯವನ್ನು ಹಂಚಿಕೊಂಡ ಮಾತ್ರಕ್ಕೆ ಒಡೆಯರು ಪಾಲುದಾರರಾಗುವುದಿಲ್ಲ ಎಂದು 1932ರ ಪಾಲುದಾರಿಕೆ ಕಾಯ್ದೆಯ 6ನೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಊರವರಿಗೆಲ್ಲ ಬಾಡಿಗೆಗೆ ಓಡಿಸುವುದನ್ನೇ ಕಸುಬು ಮಾಡಿಕೊಂಡರೆ ಮಾತು ಬೇರೆಯಾಗುತ್ತದೆ. ಹಾಗೆ ಮಾಡುವವರು ಮೊದಲು ವಕೀಲರನ್ನು ಕಾಣುವುದು ಒಳ್ಳೆಯದು.

ಈಗ ನಮ್ಮಲ್ಲಿ ಚರ್ಚೆಯಲ್ಲಿರುವುದು ನಾಟಿ ಯಂತ್ರ. ಆಳಿನ ಕೊರತೆಯಿಂದಾಗಿ ಇಬ್ಬರು ಅದನ್ನೂ ಸೇರಿ ಕೊಳ್ಳೋಣ ಎನ್ನುತ್ತಿದ್ದಾರೆ. ನನ್ನ ವಿರೋಧವಿದೆ. ಟ್ರೇಗಳಲ್ಲಿ ಬೆಳೆಸುವ ಚಾಪೆ ಸಸಿಯನ್ನು ಎಳೆಯದಾಗಿರುವಾಗಲೇ, ಹದಿನೈದು ಇಪ್ಪತ್ತು ದಿನದೊಳಗೆ ನಾಟಿ ಮಾಡಬೇಕು. ಬಲಿತರೆ ಬೇರು ಹೆಣೆದುಕೊಂಡು ಯಂತ್ರದ ಬೆರಳಿಗೆ ಸಿಗುವುದಿಲ್ಲ. ಕೆಸರಿಗಾದರೆ ಮೂರು ದಿನ ಕಾಯಬಹುದು, ಇದಕ್ಕೆ ಕಾಯಲಾಗದು. ಸಾಲದ್ದಕ್ಕೆ ಟ್ರ್ಯಾಕ್ಟರಿನ ಹಾಗೆ ಇದಕ್ಕೆ ವರ್ಷದ ಉಳಿದ ಕಾಲದಲ್ಲಿ ಬೇರೆ ಕೆಲಸವೂ ಇಲ್ಲ. ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡಲೆಂದು ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಕೇಂದ್ರಗಳು ಇಂಥ ಯಂತ್ರಕ್ಕೇ ಹೇಳಿ ಮಾಡಿಸಿದಂತಿವೆ. ನೂಕುನುಗ್ಗಲಿನ ವಾರದಲ್ಲಿ ಅಲ್ಲಿಯೂ ಸರದಿ ಕಾಯಬೇಕೆಂಬ ಆ ಇಬ್ಬರ ಆಕ್ಷೇಪ ಸುಳ್ಳಲ್ಲ. ಆದರೂ ಮುಂಚೆಯೇ ಹೆಸರು ಬರೆಸಿ, ಸಿಕ್ಕುವ ದಿನ ನೋಡಿಕೊಂಡು ಟ್ರೇಗೆ ಬೀಜ ಹಾಕೋಣ ಎಂದು ಅವರಿಗೆ ಹೇಳಿದ್ದೇನೆ. ಯುಗಾದಿಯ ಮಾರನೆಯ ದಿನ ವರ್ಷದ ಲೆಕ್ಕ ನೋಡಲು ನಾಲ್ವರೂ ಕೂರುತ್ತೇವೆ. ತೀರ್ಮಾನ ಆವತ್ತು ಆಗಬೇಕು.