ನಮ್ಮನೆಗೂ ಇಲ್ಲ ಅಜ್ಜಿ

ಮೊನ್ನೆ ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಉಪನಯನದ ಊಟ. ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕೂತದ್ದು ಬೆಂಗಳೂರಿನ ಭಾವ. ಇಂಜಿನಿಯರು. ಯಾವ ವಿಷಯ ಎತ್ತಿದರೂ ಎದುರಿನವನಿಗೆ ಏನೂ ತಿಳಿಯದು ಎಂದು ಮೊದಲೇ ತೀರ್ಮಾನಿಸಿ ಶುರು ಮಾಡುವುದು ಅವರ ಜಾಯಮಾನ. ಸಾರು ಬರುವಷ್ಟರಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ಬಂದಿದ್ದರು. ಹಗಲು ಸೋಲಾರ್ ಕರೆಂಟು ಮಿಕ್ಕಿದಾಗ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಹತ್ತಿಸುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು 2000 ಮೆಗಾವಾಟ್ ತೆಗೆಯುವುದು.

"ಹತ್ತಿಸಲಿಕ್ಕೆ ಕರೆಂಟು ಬೇಡವಾ ಭಾವ?"

"ಬೇಕು. ಹುಟ್ಟುವುದಕ್ಕಿಂತ ಹೆಚ್ಚೇ ಬೇಕು. ಆದರೆ ಅದು ಹಾಗಲ್ಲ, ನಿಮಗೆ ಗ್ರಿಡ್ ಅಂದರೆ ಗೊತ್ತಿಲ್ಲ."

ಅವರು ಹೇಳಿದ್ದರಲ್ಲಿ ತಪ್ಪಿಲ್ಲವೇನೋ. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಬಿದ್ದ ನೀರನ್ನು ಪುನಃ ಗುಡ್ಡ ಹತ್ತಿಸುವ ಸುದ್ದಿಯನ್ನು ನಮ್ಮ ಅಜ್ಜಿ ಕೇಳಿದ್ದರೆ!

ಅಜ್ಜಿ ಜೋಗ ನೋಡಿದ್ದರು. ನೋಡಬೇಕೆಂದು ಹೊರಟವರಲ್ಲ. ಎಂಬತ್ತರ ದಶಕದ ಆರಂಭ, ನಮ್ಮದಿನ್ನೂ ಕಣ್ಣೂರು ಜಿಲ್ಲೆ. ಕೊಲ್ಲೂರಿಗೆಂದು ಬಾಡಿಗೆ ವ್ಯಾನು ಮಾಡಿದ್ದೆವು. ಅಷ್ಟು ದೂರ ಹೋದ ಮೇಲೆ ಜೋಗ ನೋಡದೆ ಬರುವುದುಂಟೇ ಎಂದು ಅಪ್ಪ ಹಟ ಹಿಡಿದರು. ಅಪ್ಪ ಶಾಲೆ ಮೇಷ್ಟ್ರು, ಹಾಗಾಗಿ ಪ್ರವಾಸವೆಂದರೆ ಮೇ ತಿಂಗಳ ರಜೆಯಲ್ಲೇ. ಮೇ ತಿಂಗಳಲ್ಲಿ ಜೋಗ! ಕಟಾಂಜನದ ಹತ್ತಿರ ನಿಂತು, 253 ಮೀಟರು ಎತ್ತರ ಎಂದು ಪೀಠಿಕೆ ಹಾಕಿ, ಕ್ಲಾಸಿನಲ್ಲಿ ಹಾಜರಿ ಕರೆದ ಹಾಗೆ ರಾಜಾ, ರಾಣಿ, ರೋರರ್, ರಾಕೆಟ್ ಎಂದು ಅಪ್ಪ ಒಂದೊಂದೇ ಹೆಸರು ಕರೆದರು. ಇಬ್ಬರು ಗೈರುಹಾಜರು. ಬಂದಿದ್ದ ಇಬ್ಬರೂ ಸಪೂರ. ಉಳಿದದ್ದೆಲ್ಲ ಕರಿ ಬಂಡೆ.

ನಮ್ಮ ಗುಡ್ಡದ ಮನೆಗೆ ನೀರು ಸುರಂಗದಿಂದ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಸುರಂಗ. ಪಂಪೂ ಬೇಡ, ಹಗ್ಗವೂ ಬೇಡ, ತಾನಾಗಿ ಹರಿದು ಬಂದು ಅಂಗಳದ ಬದಿಯ ಕೆರೆಗೆ ಬೀಳುತ್ತಿತ್ತು. ಅಜ್ಜಿ ಬಂಡೆಯನ್ನೇ ನೋಡುತ್ತಾ, "ಇದಕ್ಕಿಂತ ನಮ್ಮ ಸುರಂಗ ಅಡ್ಡಿಯಿಲ್ಲ" ಅಂದರು. ಅಪ್ಪನಿಗೆ ಅವಮಾನವಾಯಿತು, ಜಲಪಾತ ಅವರೇ ಕಟ್ಟಿಸಿದ್ದೋ ಎಂಬಷ್ಟು. ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಮಾರುತ್ತಿದ್ದವನನ್ನು ಕೇಳಿದರು.

"ನೀರೆಲ್ಲ ಎಲ್ಲಿಗೆ ಹೋಯ್ತು ಮಗಾ?"

"ಲಿಂಗನಮಕ್ಕೀಲಿ ನಿಲ್ಸಿದಾರೆ ಅಜ್ಜಿ. ಕರೆಂಟಾಗಿ ಬೆಂಗ್ಳೂರಿಗೆ ಹೋಗ್ತದೆ."

"ಹೋಗ್ಲಿ. ನಮ್ಮ ಮನೆಗೆ ಮಾತ್ರ ಇನ್ನೂ ಬರ್ಲಿಲ್ಲ ನೋಡು."

"ಅಯ್ಯ, ನಮ್ಮನೆಗೂ ಇಲ್ಲ ಅಜ್ಜಿ."

ಅವನು ನಗುತ್ತಲೇ ಹೇಳಿದ್ದು. 1964ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಅವನ ಅಪ್ಪನ ಮನೆ, ಗದ್ದೆ ಮುಳುಗಿದ್ದವಂತೆ. ಅವರಿಗೆ ಕಾಡಿನ ನಡುವೆ ಎಲ್ಲೋ ಜಾಗ ತೋರಿಸಿದ್ದರು, ಕಂಬ ಅಲ್ಲಿಯವರೆಗೆ ಬಂದಿರಲಿಲ್ಲ. ಅಜ್ಜಿ ಅವನ ಹತ್ತಿರ ಇನ್ನೂ ನಾಲ್ಕು ಸೌತೆಕಾಯಿ ಕೊಂಡರು, ಯಾರಿಗೂ ಬೇಡದಿದ್ದರೂ. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಸುದ್ದಿ ಇಂದಿಗೂ ಪೇಪರಿನಲ್ಲಿ ಬರುತ್ತಲೇ ಇದೆ. ಬಂದಾಗೆಲ್ಲ "ನಮ್ಮನೆಗೂ ಇಲ್ಲ ಅಜ್ಜಿ" ಎಂಬ ಸ್ವರವೇ ನನ್ನ ಕಿವಿಗೆ. ಉಪನಯನದ ದಿನ ಪಾಯಸ ಬಡಿಸುವಾಗಲೂ ಅದೇ.

ಅಪ್ಪನ ಸಂಕಟ ಬೇರೆ. ಜೋಗದಲ್ಲಿ ಹೊಳೆಯ ಆಚೆ ಬಾಂಬೆ ಬಂಗಲೆ, ಈಚೆ ಮೈಸೂರು ಬಂಗಲೆ. ಹಿಂದೆ ಶರಾವತಿಯೇ ಅಲ್ಲಿ ರಾಜ್ಯದ ಗಡಿ. 1956ರ ನವೆಂಬರ್ 1ಕ್ಕೆ ಆ ಗಡಿ ಅಳಿದು ಉತ್ತರ ಕನ್ನಡ ಮೈಸೂರಿಗೆ ಸೇರಿತು. ಅದೇ ದಿನ ನಮ್ಮ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಇದನ್ನು ಅಪ್ಪ ಜೋಗದಲ್ಲಿ ಶುರು ಮಾಡಿದವರು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ಆಯೋಗದ ವರದಿಯನ್ನೂ ಮುಗಿಸಿ, ಸಾಗರ ದಾಟುವವರೆಗೆ ನಿಲ್ಲಿಸಲಿಲ್ಲ. ವ್ಯಾನಿನಲ್ಲಿ ಅಮ್ಮ ವಾಂತಿ ಮಾಡಿಕೊಳ್ಳುತ್ತಿದ್ದುದೂ ಅವರ ಗಮನಕ್ಕೆ ಬಂದಿರಲಿಕ್ಕಿಲ್ಲ. ಆ ಸಿಟ್ಟು ನನ್ನೊಳಗೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಗಡಿಯ ಈಚೆ ಬಿದ್ದ ಅಜ್ಜಿಗೂ ಚಿಮಣಿ ಎಣ್ಣೆ, ಆಚೆ ಉಳಿದ ಸೌತೆಕಾಯಿಯವನಿಗೂ ಚಿಮಣಿ ಎಣ್ಣೆ. ಅಪ್ಪನ ನಕ್ಷೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಭಾವನ ಗ್ರಿಡ್ಡಿನಲ್ಲಿಯೂ ಇಲ್ಲ. ಈಗ ಉಡುಪಿಯಿಂದ ಕಾಸರಗೋಡಿಗೆ 400 ಕೆ.ವಿ. ಲೈನು ಎಳೆಯುವ ಗಲಾಟೆ. ಕರೆಂಟೇನೋ ಗಡಿ ದಾಟುತ್ತದೆ, ಟವರು ನಿಲ್ಲುವುದು ಯಾರದೋ ಅಡಿಕೆ ತೋಟದಲ್ಲಿ.

ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಹೈಸ್ಕೂಲಿಗೆ ಸೇರಿದ ಮೇಲೆ. ತೆಂಕಣದಿಂದ ಬಂದ ಲೈನ್‌ಮನ್ ಕಂಬ ಇಳಿದು ಜಗಲಿಯಲ್ಲಿ ಕೂತಿದ್ದ. ಕನ್ನಡ ಬಾರದು. ಅಜ್ಜಿ ಮಜ್ಜಿಗೆ ಕೊಟ್ಟು, ಬಲ್ಬು ತೋರಿಸಿ, ಇದು ಎಲ್ಲಿಯ ನೀರು ಎಂದು ಅಪ್ಪನಿಂದ ಮಲಯಾಳದಲ್ಲಿ ಕೇಳಿಸಿದರು. "ಇಡುಕ್ಕಿ" ಅಂದ.

"ಅಲ್ಲಿಯವರ ಮನೆಯಲ್ಲಿ ಉಂಟಾ ಅಂತ ಕೇಳು."

ಅಪ್ಪ ಕೇಳಲಿಲ್ಲ. ಲೈನ್‌ಮನ್ ಅಜ್ಜಿಯ ಮುಖ ನೋಡಿ, ಇನ್ನೂ ಬೇಕಾ ಎನ್ನುತ್ತಿದ್ದಾರೆಂದುಕೊಂಡು ಲೋಟ ಮುಂದೆ ಹಿಡಿದ.