ಹಳೆ ಪೆಟ್ರೋಲ್ ಟ್ರ್ಯಾಕ್ಟರ್: ಕಾರ್ಬೊರೇಟರ್ ಸ್ಕ್ರೂಗೆ ಕೈ ಹಾಕುವುದು ಕೊನೆಗೆ

ಪುಣೆ ಸುತ್ತಲಿನ ಮುಳಶಿ, ಮಾವಳ ಕಡೆಯ ಫಾರ್ಮ್‌ಹೌಸುಗಳಿಂದ ಭೋಸರಿಯ ನಮ್ಮ ಶೆಡ್ಡಿಗೆ ಆಗೀಗ ಹಳೆ ಪೆಟ್ರೋಲ್ ಟ್ರ್ಯಾಕ್ಟರ್ ಬರುತ್ತವೆ: ಫೋರ್ಡ್ 8ಎನ್, ಫರ್ಗುಸನ್ ಟಿಇ20. ಮಾಲೀಕರ ದೂರು ಹೆಚ್ಚುಕಮ್ಮಿ ಒಂದೇ, "ಪಿಕಪ್ ಘೇತ್ ನಾಹಿ" (ಪಿಕಪ್ ತಗೊಳ್ಳೋದಿಲ್ಲ). ಅಷ್ಟು ಹೊತ್ತಿಗೆ ಯಾರೋ ಕಾರ್ಬೊರೇಟರಿನ ಎರಡೂ ಸ್ಕ್ರೂ (ಸ್ಲೋ ನೀಡಲ್, ಮೇನ್ ನೀಡಲ್) ಆಡಿಸಿ ಬಿಟ್ಟಿರುತ್ತಾರೆ. ವಿಜಯಪುರ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಸೇರುವ ಹೊಸ ಹುಡುಗರಿಗೆ ಮೊದಲ ವಾರ ನಾವು ಹೇಳುವುದು ಇದನ್ನೇ: ಬೇರೆಲ್ಲ ಸರಿಯಿದೆ ಎಂದು ಖಾತ್ರಿಯಾಗುವವರೆಗೆ ಆ ಸ್ಕ್ರೂ ಮುಟ್ಟಬೇಡಿ.

ಕರೆಂಟ್ ಕಡೆಯ ತೊಂದರೆ ಪೆಟ್ರೋಲ್ ತೊಂದರೆಯಂತೆಯೇ ಕಾಣಿಸುತ್ತದೆ. ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟ್ ಕಡಿಯುವ ಪಾಯಿಂಟ್ ಸುಟ್ಟಿದ್ದರೆ, ಕಂಡೆನ್ಸರ್ ಸೊರಗಿದ್ದರೆ ಎಂಜಿನ್ ಮಿಸ್ ಹೊಡೆಯುತ್ತದೆ, ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ. ಮುಂದೆ ಡಿಸ್ಟ್ರಿಬ್ಯೂಟರ್ ಇರುವ 8ಎನ್‌ನಲ್ಲಿ ಪಾಯಿಂಟ್ ಗ್ಯಾಪ್ 0.015 ಇಂಚು, ಪಕ್ಕದಲ್ಲಿ ಇರುವುದರಲ್ಲಿ 0.025. ಪ್ಲಗ್ ಗ್ಯಾಪ್ 0.025ರಿಂದ 0.028. ಟೈಮಿಂಗ್, ಟ್ಯಾಪೆಟ್ ನೋಡಿದ ಮೇಲೆ ಆಯಿಲ್ ಬಾತ್ ಏರ್ ಫಿಲ್ಟರ್ ಬಿಚ್ಚಿ. ಕಪ್ಪಿನಲ್ಲಿ ಆಯಿಲ್ ಗುರುತಿನ ಮಟ್ಟಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಜಾಳಿಗೆಯಲ್ಲಿ ಮಣ್ಣು ಗಟ್ಟಿಯಾಗಿದ್ದರೆ ಗಾಳಿ ಕಟ್ಟಿ ಮಿಕ್ಸ್ಚರ್ ರಿಚ್ ಆಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಅದಕ್ಕೆ ಯಾವ ಸ್ಕ್ರೂ ತಿರುಗಿಸಿದರೂ ಪ್ರಯೋಜನವಿಲ್ಲ.

ಆಮೇಲೆ ಪೆಟ್ರೋಲ್ ಹರಿವು. 8ಎನ್‌ನಲ್ಲಿ ಟ್ಯಾಂಕಿನ ನಲ್ಲಿಯನ್ನು ಎರಡು ಸುತ್ತು ತೆರೆದರೆ ಮೇನ್, ಅದಕ್ಕಿಂತ ಹೆಚ್ಚು ತೆರೆದರೆ ರಿಸರ್ವ್. ರಿಸರ್ವ್‌ನಲ್ಲಿ ಟ್ಯಾಂಕಿನ ತಳದಿಂದ ಎಳೆಯುವುದರಿಂದ ಅಲ್ಲಿನ ಕೆಸರೂ ಜೊತೆಗೆ ಬರುತ್ತದೆ. ಕಾರ್ಬೊರೇಟರಿನ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಡಬ್ಬಿ ಹಿಡಿಯಿರಿ. ಎರಡು ನಿಮಿಷದೊಳಗೆ ಅರ್ಧ ಲೀಟರಿನಷ್ಟು, ಕಡಿಯದ ಧಾರೆಯಾಗಿ ಬರಬೇಕು. ಮೊದಲು ಜೋರಾಗಿ ಬಂದು ಆಮೇಲೆ ತೊಟ್ಟಿಕ್ಕಿದರೆ ಜಾಲರಿ ಕಟ್ಟಿದೆ. ಮೂರು ಜಾಲರಿ ಇವೆ: ಟ್ಯಾಂಕಿನೊಳಗೆ ಒಂದು, ಗಾಜಿನ ಬೌಲಿನ ಮೇಲೊಂದು, ಕಾರ್ಬೊರೇಟರಿಗೆ ಹೋಗುವ ಎಲ್ಬೋದಲ್ಲಿ ಒಂದು. ಮೂರನೆಯದು ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿ ತೂತು ಮುಚ್ಚಿದ್ದರೂ ಹರಿವು ಹೀಗೆಯೇ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿ ನೋಡಿದರೆ ತಿಳಿಯುತ್ತದೆ. ಇದನ್ನೆಲ್ಲ ಎಂಜಿನ್ ತಣ್ಣಗಿದ್ದಾಗ, ಬ್ಯಾಟರಿ ಅರ್ತ್ ತೆಗೆದು, ಬಯಲಲ್ಲಿ ಮಾಡಿ. ಈ ಗಾಡಿಗಳಲ್ಲಿ ಕಾರ್ಬೊರೇಟರ್ ಮ್ಯಾನಿಫೋಲ್ಡಿನ ಕೆಳಗೆ ಇರುತ್ತದೆ, ಎಕ್ಸಾಸ್ಟ್ ಪಕ್ಕದಲ್ಲೇ.

ಇನ್ನು ಬಿಚ್ಚುವುದು. 8ಎನ್‌ನ ಮಾರ್ವೆಲ್-ಶೆಬ್ಲರ್ ಟಿಎಸ್‌ಎಕ್ಸ್-241 ಕಾರ್ಬೊರೇಟರಿನಲ್ಲಿ ಹೆಚ್ಚಿನ ಜಗಳ ಮೂರು ಕಡೆ. ಮೊದಲನೆಯದು ಫ್ಲೋಟ್, ಬೌಲಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವುದು. ಮೇಲಿನ ಭಾಗವನ್ನು ತಲೆಕೆಳಗಾಗಿ ಹಿಡಿದು, ಗ್ಯಾಸ್ಕೆಟ್‌ನಿಂದ ಫ್ಲೋಟಿನ ಹತ್ತಿರದ ಅಂಚಿಗೆ ಕಾಲು ಇಂಚು ಇರಬೇಕು. ಕಾಲಿಂಚಿನ ಡ್ರಿಲ್ ಬಿಟ್ಟಿನ ಹಿಂಬದಿಯನ್ನು ಅಡಿಗೆ ಜಾರಿಸಿ ನೋಡಿ. ಉಜ್ಜಿಯೂ ಉಜ್ಜದಂತೆ ಹೋಗಬೇಕು, ಎಡಕ್ಕೂ ಬಲಕ್ಕೂ ಒಂದೇ ಸಮ. ಬಾಗಿಸುವುದು ಫ್ಲೋಟಿನ ಪುಟ್ಟ ನಾಲಿಗೆಯನ್ನು. ಫ್ಲೋಟ್ ಒತ್ತಿ ಬಾಗಿಸಿದರೆ ಫ್ಲೋಟ್ ನೀಡಲ್ ಸೀಟಿಗೆ ಅಮುಕಿ ಗುಳಿ ಬೀಳುತ್ತದೆ, ಅಲ್ಲಿಂದ ಸೋರಿಕೆ ಶುರು. ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಬದಲಿಸಿ. ಎರಡನೆಯದು ಮೇನ್ ನಾಜಲ್ ಕೂರುವ ಜಾಗದ ಸಣ್ಣ ಫೈಬರ್ ವಾಷರ್. ಅದು ಬಿಟ್ಟುಹೋಗಿದ್ದರೆ ಪೆಟ್ರೋಲ್ ಅಕ್ಕಪಕ್ಕದಿಂದ ನುಗ್ಗುತ್ತದೆ, ಮೇನ್ ನೀಡಲನ್ನು ಪೂರ್ತಿ ಮುಚ್ಚಿದರೂ ಕಪ್ಪು ಹೊಗೆ ನಿಲ್ಲುವುದಿಲ್ಲ. ಮೂರನೆಯದು ಥ್ರಾಟಲ್ ಶಾಫ್ಟು. ಸವೆದಿದ್ದರೆ ಅಲ್ಲಿಂದ ಗಾಳಿ ಎಳೆದು ಸ್ಲೋ (ಎಕ್ಸಿಲರೇಟರ್ ಕೊಡದಾಗಿನ ಓಟ) ಯಾವತ್ತೂ ಒಂದೇ ಸಮ ಇರುವುದಿಲ್ಲ. ಎಂಜಿನ್ ಸ್ಲೋದಲ್ಲಿರುವಾಗ ಶಾಫ್ಟಿನ ಸುತ್ತ ಗಟ್ಟಿ ಆಯಿಲ್ ಹಚ್ಚಿ. ಓಟ ಬದಲಾದರೆ ಬುಷ್ ಹಾಕಿಸುವ ಕೆಲಸ. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳಿಗೆ ಕಬ್ಬಿಣದ ತಂತಿ ತೂರಿಸಬೇಡಿ, ಹಿತ್ತಾಳೆ ಮೆದು. ಕಂಪ್ರೆಸರ್ ಗಾಳಿ ಸಾಕು.

ಕಾರ್ಬೊರೇಟರ್ ರಿಪೇರಿ ಕಿಟ್ ಕೊಳ್ಳುವಾಗ ಹಳೆ ಗ್ಯಾಸ್ಕೆಟ್ ಜೇಬಿನಲ್ಲಿ ಇಟ್ಟುಕೊಂಡು ಪುಣೆಯ ಬಿಡಿಭಾಗಗಳ ಬಜಾರು ನಾನಾ ಪೇಟೆಗೆ ಹೋಗಿ, ಒಂದರ ಮೇಲೊಂದು ಇಟ್ಟು ತೂತು ತಾಳೆ ನೋಡಿ. ಒಂದು ತೂತು ಕಡಿಮೆಯಿದ್ದರೂ ಒಳದಾರಿ ಮುಚ್ಚಿಹೋಗುತ್ತದೆ.

ಜೋಡಿಸುವಾಗ ಎರಡೂ ನೀಡಲ್ ಹಗುರಾಗಿ ತಾಗುವವರೆಗೆ ಮುಚ್ಚಿ. ಬಿಗಿದರೆ ತುದಿಯಲ್ಲಿ ಬಳೆಯಂತೆ ಗೀರು ಬೀಳುತ್ತದೆ, ಆ ನೀಡಲ್ ಆಮೇಲೆ ಗುಜರಿಗೆ. ಸ್ಲೋ ನೀಡಲ್ ಒಂದು ಸುತ್ತು, ಮೇನ್ ಒಂದೂಕಾಲು ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಿ, ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ. ತಣ್ಣನೆಯ ಎಂಜಿನ್‌ನಲ್ಲಿ ಮಾಡಿದ ಟ್ಯೂನಿಂಗ್ ಟ್ಯೂನಿಂಗೇ ಅಲ್ಲ.

ಮೊದಲು ಸ್ಲೋ. ಮೋಟರ್‌ಸೈಕಲ್ ಮೆಕ್ಯಾನಿಕ್ ಮುಗ್ಗರಿಸುವುದು ಇಲ್ಲೇ. ಈ ಕಾರ್ಬೊರೇಟರಿನ ಸ್ಲೋ ನೀಡಲ್ ಗಾಳಿಯನ್ನು ಹಿಡಿಯುತ್ತದೆ, ಹಾಗಾಗಿ ಒಳಗೆ ತಿರುಗಿಸಿದರೆ ರಿಚ್, ಹೊರಗೆ ತಿರುಗಿಸಿದರೆ ಲೀನ್ (ಪೆಟ್ರೋಲ್ ಕಡಿಮೆ). ಕೆಳಗಿನ ಮೇನ್ ನೀಡಲ್ ತದ್ವಿರುದ್ಧ: ಒಳಗೆ ಲೀನ್, ಹೊರಗೆ ರಿಚ್. ಸ್ಲೋ ನೀಡಲನ್ನು ಕಾಲು ಕಾಲು ಸುತ್ತು ಆಡಿಸಿ ಓಟ ಅತಿ ನಯವಾಗಿರುವ ಜಾಗ ಹುಡುಕಿ, ಆಮೇಲೆ ಥ್ರಾಟಲ್ ಸ್ಟಾಪ್ ಸ್ಕ್ರೂನಿಂದ 400–450 ಆರ್‌ಪಿಎಂಗೆ ಇಳಿಸಿ. ಓಟದ ವೇಗ ಕಾಯುವ ಗವರ್ನರಿನ ರಾಡಿನ ಉದ್ದಕ್ಕೆ ಕೈ ಹಾಕಬೇಡಿ.

ಮೇನ್ ನೀಡಲ್ ಶೆಡ್ಡಿನಲ್ಲಿ ಸೆಟ್ ಆಗುವುದಿಲ್ಲ. ಲೋಡ್ ಇಲ್ಲದೆ ಎಷ್ಟು ರೇಸ್ ಕೊಟ್ಟರೂ ಥ್ರಾಟಲ್ ಪೂರ್ತಿ ತೆರೆಯುವುದಿಲ್ಲ, ಗವರ್ನರ್ ಹಿಡಿದಿರುತ್ತದೆ. ಕಲ್ಟಿವೇಟರ್ ಕಟ್ಟಿ ಹೊಲಕ್ಕೆ ಇಳಿಸಿ. ಲೋಡ್ ಬಿದ್ದಾಗ ಕಾರ್ಬೊರೇಟರಿನಲ್ಲೇ ಕೆಮ್ಮಿದರೆ ಲೀನ್, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಬಂದರೆ ರಿಚ್. ಗಾಡಿ ನಿಲ್ಲಿಸಿ ಮೇನ್ ಸ್ವಲ್ಪ ಮುಚ್ಚಿ, ಮತ್ತೆ ಒಂದು ಸಾಲು ಹೊಡೆಯಿರಿ. ಹೀಗೆ ಶಕ್ತಿ ಇಳಿಯುವ ಜಾಗ ಸಿಗುವವರೆಗೆ ಮುಚ್ಚಿ, ಅಲ್ಲಿಂದ ಶಕ್ತಿ ಮರಳುವಷ್ಟು ತೆರೆದು, ಮೇಲೆ ಅರೆಕಾಲು ಸುತ್ತು ಸೇರಿಸಿ. ಲೀನ್ ಬಿಟ್ಟು ದಿನವಿಡೀ ಉತ್ತರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ತುಸು ರಿಚ್ ಇರಲಿ.

ಪುಸ್ತಕದ ಸುತ್ತಿನ ಲೆಕ್ಕ ಈಗ ಮೊದಲಿನಂತೆ ಕೂರುವುದಿಲ್ಲ, ಯಾಕೆಂದರೆ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಸೇರಿದ ಪೆಟ್ರೋಲ್. ಒಂದು ಪಾಲು ಬರೀ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಇಂಧನ ಬೇಕು. ಅದಕ್ಕೇ ಮೇನ್ ನೀಡಲ್ ಪುಸ್ತಕದ ಅಂಕಿಗಿಂತ ತುಸು ಹೊರಗೆ ನಿಲ್ಲುತ್ತದೆ. ಮೇನ್ ಜೆಟ್ ಫಿಕ್ಸ್ ಇರುವ ಜೆನಿತ್ ಕಾರ್ಬೊರೇಟರಿನಲ್ಲಿ ಮೇನ್‌ಗೆ ತಿರುಗಿಸಲು ಏನೂ ಇಲ್ಲ, ಒಂದು ಸೈಜ್ ದೊಡ್ಡ ಜೆಟ್ಟೇ ದಾರಿ. ಅರಗು ಬಳಿದ ಹಳೆ ಬೆಂಡಿನ ಫ್ಲೋಟ್ ಇದ್ದರೆ ತೆಗೆದುಬಿಡಿ, ಎಥೆನಾಲ್ ಆ ಅರಗನ್ನು ಕರಗಿಸುತ್ತದೆ. ಹಳೆ ರಬ್ಬರ್ ಪೈಪನ್ನೂ ಬದಲಿಸಿ.

ಪುಣೆಯ ಮಳೆಗಾಲದಲ್ಲಿ ಮೂರ್ನಾಲ್ಕು ತಿಂಗಳು ನಿಂತ ಗಾಡಿಯ ಕಾರ್ಬೊರೇಟರ್ ಬೌಲಿನಲ್ಲಿ ಎಥೆನಾಲ್ ಹೀರಿದ ನೀರು ತಳಕ್ಕೆ ಇಳಿದು, ಬೀಡಿನ ಬೌಲ್ ತುಕ್ಕು ಹಿಡಿದು ಕಂದು ಕೆಸರಾಗುತ್ತದೆ. ಜೂನ್‌ನಲ್ಲಿ ಶೆಡ್ಡಿಗೆ ಹಾಕುವ ಮೊದಲು ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಡ್ರೇನ್ ಪ್ಲಗ್ ಬಿಚ್ಚಿ ಉಳಿದದ್ದನ್ನೂ ಇಳಿಸಿ. ಮತ್ತೆ ನಲ್ಲಿ ತೆರೆದ ದಿನ, ಚೋಕ್ ಎಳೆಯದೆಯೂ ಏರ್ ಹಾರ್ನ್‌ನಿಂದ (ಕಾರ್ಬೊರೇಟರಿಗೆ ಗಾಳಿ ಹೋಗುವ ಬಾಯಿ) ಪೆಟ್ರೋಲ್ ತೊಟ್ಟಿಕ್ಕಿದರೆ ಫ್ಲೋಟ್ ನೀಡಲ್ ಅಂಟಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬೌಲಿಗೆ ಮೆಲ್ಲಗೆ ಎರಡು ಏಟು ಹಾಕಿ ನೋಡಿ. ನಿಲ್ಲದಿದ್ದರೆ ನಲ್ಲಿ ಮುಚ್ಚಿ ಬಿಚ್ಚಲೇಬೇಕು. ಸ್ಟಾರ್ಟ್ ಮಾತ್ರ ಮಾಡಬೇಡಿ.